ಗೋಡೆಗೆ ಚಿಬ್ಬು ಹತ್ತಿದೆಯಂತೆ

ಹಬ್ಬಕ್ಕೆ ಮುಂಚೆ ಮನೆಗೆ ಬಣ್ಣ ಹೊಡೆಸೋಣ ಅಂತ ಪೇಂಟರನ್ನು ಕರೆಸಿದ್ದೆ. ಮನೆ ಸುತ್ತ ಒಂದು ರೌಂಡ್ ಹಾಕಿ ಬಂದವರು ಹಿತ್ತಲ ಕಡೆಯ ಕಲ್ಲಿನ ಕಾಂಪೌಂಡ್ ತೋರಿಸಿ, "ಅಣ್ಣಾ, ಇದಕ್ಕೆ ಚಿಬ್ಬು ಹತ್ತೈತಲ್ಲ. ಆಸಿಡ್ ಹಾಕಿ ತಂತಿ ಬ್ರಷ್‌ನಾಗೆ ಉಜ್ಜಿಬಿಡ್ತೀನಿ" ಅಂದರು.

ನೋಡೋಕೆ ಚಿಬ್ಬಿನ ಹಾಗೇ ಇದೆ, ಒಪ್ಪುತ್ತೇನೆ. ಬೂದಿ ಬಣ್ಣ, ಅಲ್ಲಲ್ಲಿ ಹಳದಿ, ಕಲ್ಲಿಗೆ ಕಚ್ಚಿಕೊಂಡ ಹಕ್ಕಳೆ. ದುರ್ಗದವರಿಗೆ ಇದೇನು ಹೊಸದಲ್ಲ. ಕೋಟೆ ಹತ್ತುವಾಗ ಕೈ ಊರುವ ಬಂಡೆಗಳ ಮೇಲೆಲ್ಲ ಇದೆ. ಪಾಚಿ ಅಂದುಕೊಂಡು ಸುಮ್ನೆ ಮುಂದೆ ಹೋಗುತ್ತೇವೆ, ಅಷ್ಟೆ.

ಇದು ಬರೀ ಪಾಚಿ ಅಲ್ಲ, ಲೈಕನ್. ಮಸಾಲೆಗೆ ತರುವ ಕಲ್ಲುಹೂವಿನ ಬಳಗ. (ಬಳಗ ಅಂದ ಮಾತ್ರಕ್ಕೆ ಗೋಡೆ ಕೆರೆದು ಸಾರಿಗೆ ಹಾಕಬೇಡಿ ಮತ್ತೆ!) ಕಲ್ಲುಹೂವು ಎಲೆ ಎಲೆಯಾಗಿ ಎದ್ದಿರುತ್ತದೆ, ಬಿಡಿಸಿದರೆ ಬರುತ್ತದೆ. ಗೋಡೆಯದ್ದು ಹಾಗೆ ಬರುವುದಿಲ್ಲ. ಅದರ ಎಳೆಗಳು ಕಲ್ಲಿನ ಹರಳುಗಳ ಸಂದಿಗೆ ಇಳಿದಿರುತ್ತವೆ. ಕೆರೆದರೆ ಕಲ್ಲಿನ ಪುಡಿಯೂ ಕಿತ್ತು ಬರುತ್ತದೆ.

ಒಳಗೆ ಇಬ್ಬರ ಸಂಸಾರ. ಶಿಲೀಂಧ್ರ ಮನೆ ಕಟ್ಟುತ್ತದೆ, ಪಾಚಿ ಬಿಸಿಲು ಹಿಡಿದು ಅಡುಗೆ ಮಾಡುತ್ತದೆ. 1867ರಲ್ಲಿ ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಶ್ವೆಂಡೆನರ್ ಇದನ್ನು ಹೇಳಿದಾಗ ಲೈಕನ್ ಪಂಡಿತರೇ ಒಪ್ಪಲಿಲ್ಲ. ನಮ್ಮ ಪೇಂಟರ್ ಎಲ್ಲಿ ಒಪ್ಪುತ್ತಾರೆ? ಒಂದು ಚೊಂಬು ನೀರು ತಂದು ಗೋಡೆಗೆ ಸುರಿದೆ. ಹಪ್ಪಳದಂತೆ ಒಣಗಿದ್ದ ಬೂದಿ ಹಕ್ಕಳೆ ಸ್ವಲ್ಪ ಹೊತ್ತಿಗೇ ತೆಳು ಹಸಿರಾಯಿತು. ನೆನೆದರೆ ಮೇಲಿನ ಪದರ ತಿಳಿಯಾಗಿ ಒಳಗಿನ ಪಾಚಿ ಕಾಣುತ್ತದೆ. "ಅರೆರೆ, ಜೀವ ಐತೆ ಇದಕ್ಕೆ!" ಅಂತ ಬ್ರಷ್ ಕೆಳಗಿಟ್ಟರು. ಹತ್ತಿರ ಬಗ್ಗಿ ನೋಡಿದೆವು. ಎರಡು ಹಕ್ಕಳೆ ಸೇರುವ ಕಡೆ ಸಣ್ಣ ಕಪ್ಪು ಗೆರೆ, ಥೇಟ್ ಹೊಲದ ಬದು.

ಇವುಗಳಲ್ಲಿ ಎಷ್ಟೋ ಜಾತಿಗಳು ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಹರಡುವುದಿಲ್ಲ. ಆ ಲೆಕ್ಕ ಹಿಡಿದೇ 1950ರ ಹೊತ್ತಿಗೆ ರೋಲ್ಯಾಂಡ್ ಬೆಷೆಲ್ ಅನ್ನುವವರು ಆಲ್ಪ್ಸ್‌ನಲ್ಲಿ ಹಿಮನದಿ ಬಿಟ್ಟುಹೋದ ಬಂಡೆಗಳು ಎಷ್ಟು ವರ್ಷದಿಂದ ಅಲ್ಲಿವೆ ಅಂತ ಅಂದಾಜು ಹಾಕಿದ್ದು. ನಮ್ಮ ಗೋಡೆಯಲ್ಲಿ ಸಾಸರ್ ಅಗಲದ್ದೊಂದಿದೆ. ನನಗಿಂತ ಹಿರಿಯದೇ ಇರಬೇಕು. ಅದನ್ನು ಆಸಿಡ್ ಹಾಕಿ ತೊಳೆಯೋದಾ?

ಶಾಸನದ ಅಕ್ಷರದ ಮೇಲೆ ಬೆಳೆದರೆ ಬೇರೆ ಮಾತು, ತಿಳಿದವರು ನೋಡಿಕೊಳ್ಳಲಿ. ಆದರೆ ಸುಮ್ನೆ ನಿಂತ ಬಂಡೆಯನ್ನು 'ಕ್ಲೀನ್' ಮಾಡುವ ಹುಕಿ ನನಗೆ ಅರ್ಥವಾಗಿಲ್ಲ. ಕೋಟೆಯಲ್ಲಿ ಒಂದು ಬಂಡೆ ಇದೆ. ಯಾರೋ ಪುಣ್ಯಾತ್ಮ ಹುಡುಗಿ ಹೆಸರು ಕೊರೆದು, ಸುತ್ತ ಹಾರ್ಟ್ ಬರೆದಿದ್ದಾನೆ. ನಾನು ಹೈಸ್ಕೂಲಿನಲ್ಲಿದ್ದಾಗಲೇ ಇತ್ತು. ಈಗ ನನ್ನ ತಲೆ ನರೆತಿದೆ. ಸುತ್ತ ಎಲ್ಲ ಬೂದಿ ಹಳದಿ ಹಕ್ಕಳೆ, ಆ ಅಕ್ಷರಗಳ ಗೀರು ಮಾತ್ರ ಇನ್ನೂ ಬೋಳು.

ಅವ್ವನಿಗೆ ಗೋಡೆಯ ವಿಷಯ ಹೇಳಿದೆ. "ನಿಮ್ಮ ತಾತ ಕಟ್ಟಿಸಿದಾಗಿಂದ ಐತೆ, ಇರ್ಲಿ ಬಿಡು" ಅಂದಳು. ಪೇಂಟರ್ ಹಿತ್ತಲ ಕಡೆ ಬಿಟ್ಟು ಉಳಿದ ಮೂರು ಕಡೆ ಬಣ್ಣ ಹೊಡೆದು ಹೋದರು. ಕೂಲಿ ಮಾತ್ರ ನಾಲ್ಕೂ ಕಡೆಯದ್ದು ತಗೊಂಡರು.