ಸೊನ್ನೆ ಎಂದರೆ ಏನೂ ಇಲ್ಲ ಎಂದಲ್ಲ

ಅಕ್ಕ ತನ್ನ ಮ್ಯಾಮೋಗ್ರಾಂ (ಸ್ತನದ ಎಕ್ಸ್-ರೇ) ವರದಿಯ ಫೋಟೊ ಕಳುಹಿಸಿ, "ಸೊನ್ನೆ ಬಂದಿದೆ ಕಣೇ, ಏನೂ ಇಲ್ಲ" ಎಂದು ಬರೆದಿದ್ದಳು. ಕೊನೆಯ ಸಾಲಿನಲ್ಲಿ 'ಬೈ-ರಾಡ್ಸ್ 0' ಎಂದಿತ್ತು, ಚಿತ್ರದಲ್ಲಿ ಕಂಡದ್ದನ್ನು ವೈದ್ಯರು ಗುರುತು ಹಾಕುವ ಅಂಕಿ. ಓದಿ ನನ್ನ ಎದೆ ಧಸಕ್ಕೆಂದಿತು. ವರದಿ ಬೀರು ಸೇರಿ ಆಗಲೇ ಮೂರು ವಾರವಾಗಿತ್ತು.

ಆ ಸೊನ್ನೆಯ ಅರ್ಥವೇ ಬೇರೆ. ಈ ಚಿತ್ರಗಳಿಂದ ತೀರ್ಮಾನಕ್ಕೆ ಬರಲಾಗದು, ಇನ್ನಷ್ಟು ಚಿತ್ರ ಬೇಕು, ಇಲ್ಲವೇ ಹಳೆಯ ಚಿತ್ರಗಳೊಡನೆ ಹೋಲಿಸಬೇಕು ಎಂದು. ಏನೂ ಕಾಣದಿದ್ದರೆ ಹಾಕುವುದು 1. ನೀರುಗುಳ್ಳೆಯಂಥ ನಿರಪಾಯದ ಸಂಗತಿ ಕಂಡರೆ 2. ಮೂರರಲ್ಲಿ ಕ್ಯಾನ್ಸರ್ ಸಾಧ್ಯತೆ ಶೇ. 2ನ್ನು ದಾಟುವುದಿಲ್ಲ, ಸಾಮಾನ್ಯವಾಗಿ ಆರು ತಿಂಗಳಿಗೆ ಮತ್ತೆ ನೋಡುತ್ತಾರೆ.

ನಾಲ್ಕು ಹುಟ್ಟಿಸುವ ಭಯವೇ ಬೇರೆ. ನನ್ನ ಸಹೋದ್ಯೋಗಿಯೊಬ್ಬರು ಅದನ್ನು ನಾಲ್ಕನೆಯ ಹಂತದ ಕ್ಯಾನ್ಸರ್ ಎಂದೇ ತಿಳಿದು ಎರಡು ರಾತ್ರಿ ಕಣ್ಣು ಮುಚ್ಚಲಿಲ್ಲ. ಈ ಅಂಕಿಗೂ ಕಾಯಿಲೆಯ ಹಂತಕ್ಕೂ ಸಂಬಂಧವೇ ಇಲ್ಲ. ಅನುಮಾನವಿದೆ, ಅಂಗಾಂಶದ ಚೂರು ತೆಗೆದು ನೋಡುವ ಬಯಾಪ್ಸಿ ಮಾಡಿಸಿ ಎಂದಷ್ಟೇ ಅದು ಹೇಳುತ್ತದೆ. ಅದರಲ್ಲೂ 4ಎ ಎಂದರೆ ಸಾಧ್ಯತೆ ಶೇ. 2ರಿಂದ 10, 4ಸಿ ಎಂದರೆ 50ರಿಂದ 95. ಐದು ಬಂದರೂ ಕೊನೆಯ ಮಾತು ಬಯಾಪ್ಸಿಯದೇ.

ಇಷ್ಟನ್ನು ತಿಳಿಸಿ ಹೇಳಲು ಐದು ನಿಮಿಷ ಸಾಕು. ಅದನ್ನೂ ಕೊಡದೆ ಕೌಂಟರಿನಲ್ಲಿ ಲಕೋಟೆ ಕೈಗಿಟ್ಟು ಕಳುಹಿಸುವುದು ತಪ್ಪು, ದೊಡ್ಡ ತಪ್ಪು. ಈ ಅಂಕಿಗಳು ವೈದ್ಯರು ವೈದ್ಯರಿಗಾಗಿ ಬರೆದುಕೊಂಡವು. "ನೀವು ಮತ್ತೆ ಬರಬೇಕು" ಎಂದು ಅಕ್ಕನ ಮನೆಮಾತಿನಲ್ಲಿ ಒಂದು ಸಾಲಿದ್ದರೆ ಆ ಮೂರು ವಾರ ಹಾಗೆ ಕಳೆಯುತ್ತಿರಲಿಲ್ಲ.

ಅದೇ ವರದಿಯಲ್ಲಿ ಸ್ತನದ ಸಾಂದ್ರತೆ 'ಸಿ' ಎಂದೂ ಇತ್ತು, ಅಂದರೆ ಸಾಂದ್ರ ಅಂಗಾಂಶ ಹೆಚ್ಚು. ಸಾಂದ್ರ ಅಂಗಾಂಶ ಮ್ಯಾಮೋಗ್ರಾಂನಲ್ಲಿ ಬೆಳ್ಳಗೆ ಕಾಣುತ್ತದೆ, ಗಡ್ಡೆಯೂ ಬೆಳ್ಳಗೇ. ಬಿಳಿಯೊಳಗೆ ಬಿಳಿಯನ್ನು ಹುಡುಕುವ ಕೆಲಸ ಅದು, ಕೆಲವೊಮ್ಮೆ ತಪ್ಪಿಹೋಗುತ್ತದೆ. ಹಾಗಾಗಿ ವರದಿ ಚೆನ್ನಾಗಿದ್ದರೂ ಕೈಗೆ ಗಂಟು ಸಿಕ್ಕರೆ, ತೊಟ್ಟಿನಿಂದ ರಕ್ತ ಬಂದರೆ, ದಯವಿಟ್ಟು ವೈದ್ಯರಿಗೆ ತೋರಿಸಿ.

ಮರುದಿನವೇ ಅಕ್ಕನನ್ನು ಕರೆದುಕೊಂಡು ಹೋದೆ. ಅನುಮಾನವಿದ್ದ ಭಾಗವನ್ನಷ್ಟೇ ಒತ್ತಿ ಹಿಡಿದು ಮತ್ತೆ ಚಿತ್ರ ತೆಗೆದರು. ಮೊದಲು ಮೋಡದ ಚೂರಿನಂತಿದ್ದ ಬಿಳಿ ನೆರಳು ಈಗ ಎಳೆಎಳೆಯಾಗಿ ಬಿಡಿಸಿಕೊಂಡಿತ್ತು. ಅಂಗಾಂಶ ಒಂದರ ಮೇಲೊಂದು ಬಿದ್ದು ಹಾಗೆ ಕಂಡಿತ್ತಂತೆ. ಅಲ್ಟ್ರಾಸೌಂಡ್‌ನಲ್ಲೂ ಏನೂ ಸಿಗಲಿಲ್ಲ. ಹೀಗೆ ಮರಳಿ ಕರೆಸಿಕೊಂಡವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಹೊಸ ವರದಿಯಲ್ಲಿ 1 ಎಂದಿದೆ. ಎರಡೂ ಸಲದ ಚಿತ್ರಗಳನ್ನು ಅಕ್ಕ ಒಂದೇ ಲಕೋಟೆಗೆ ಹಾಕಿಟ್ಟಿದ್ದಾಳೆ, ಮುಂದಿನ ಸಲ ಹೋಲಿಸಲು ಬೇಕಾಗುತ್ತದೆ ಎಂದು.