ಒಂದು ಮಾತು ಸೇರಿಸುವುದಾದರೆ

ಇಂದು ಬೆಳಗ್ಗೆ ಮೊಬೈಲ್ ತೆರೆದರೆ ನನ್ನದೇ ಮುಖ. ಕೋಟು, ಟೈ, ಎದೆಯ ಮೇಲೆ ಕಟ್ಟಿದ ಕೈ. ಕೆಳಗೆ ದಪ್ಪಕ್ಷರದಲ್ಲಿ ಒಂದು ವಾಕ್ಯ: "ಎಂಬಿಎಯ ಆ ಎರಡು ವರ್ಷಗಳು ನನ್ನನ್ನು ನನಗೇ ಪರಿಚಯಿಸಿದ ಪಯಣ." ಅದರ ಕೆಳಗೆ ನನ್ನ ಹೆಸರು, ಹುದ್ದೆ, ಪಾಸಾದ ವರ್ಷ. ನಾನು ಓದಿದ ಸಂಸ್ಥೆ ಹೊಸ ವಿದ್ಯಾರ್ಥಿಗಳನ್ನು ಸೆಳೆಯಲು ಹೊರಡಿಸಿದ ಭಿತ್ತಿಚಿತ್ರ ಅದು. ಸಹಪಾಠಿಗಳ ಗುಂಪಿನಲ್ಲಿ ಆಗಲೇ ಚಪ್ಪಾಳೆಯ ಚಿತ್ರಗಳು ಸಾಲುಗಟ್ಟಿದ್ದವು. ಒಬ್ಬನಂತೂ "ಎಷ್ಟು ಆಳವಾದ ಮಾತು!" ಎಂದು ಬರೆದಿದ್ದ.

ಆ ಮಾತನ್ನು ನಾನು ಆಡಿಯೇ ಇಲ್ಲ. ಅದನ್ನು ಹೇಳಿದವನು ಅವನು. ಅವನ ಹೆಸರು ಬೇಡ. ಪೂರ್ಣಾವಧಿ ಎಂಬಿಎ ಮಾಡಿದ ಯಾರನ್ನು ಕೇಳಿದರೂ ತಮ್ಮ ತರಗತಿಯಲ್ಲಿದ್ದ ಅವನ ಹೆಸರನ್ನು ಹೇಳುತ್ತಾರೆ. ಹೆಸರು ಬೇರೆ, ಆಸಾಮಿ ಒಬ್ಬನೇ.

ನಡೆದದ್ದು ಇಷ್ಟು. ನಿನ್ನೆ ಸಂಜೆ ಸಂಸ್ಥೆಯವರು ಆನ್‌ಲೈನ್ ಸಂವಾದ ಏರ್ಪಡಿಸಿದ್ದರು. ಹೊಸದಾಗಿ ಸೇರಲಿರುವವರಿಗೆ ಹಳೆಯ ವಿದ್ಯಾರ್ಥಿಗಳು ಅನುಭವ ಹಂಚಿಕೊಳ್ಳಬೇಕು. ಪರದೆಯ ಮೇಲೆ ನಾವು ಕೆಲವರು ಚೌಕಚೌಕವಾಗಿ ಕುಳಿತಿದ್ದೆವು. ನನ್ನ ಪಕ್ಕದ ಚೌಕದಲ್ಲಿ ಅವನು. ಕೂದಲು ಕೊಂಚ ತೆಳುವಾಗಿದೆ, ಉಳಿದಂತೆ ಹಾಗೆಯೇ ಇದ್ದಾನೆ. ನೋಡಿದ ಕೂಡಲೇ ನನಗೆ ಹಳೆಯ ತಲೆನೋವು ಮರುಕಳಿಸಿತು.

ಅವನನ್ನು ಅರ್ಥಮಾಡಿಕೊಳ್ಳಲು ಕೇಸ್ ಪದ್ಧತಿಯನ್ನು ತಿಳಿದಿರಬೇಕು. 1908ರಲ್ಲಿ ಆರಂಭವಾದ ಹಾರ್ವರ್ಡ್ ಬಿಸಿನೆಸ್ ಸ್ಕೂಲು ಕಾನೂನು ಕಾಲೇಜಿನಿಂದ ಈ ಪದ್ಧತಿಯನ್ನು ಎರವಲು ತಂದು ಬೆಳೆಸಿತು. ಅಲ್ಲಿಂದ ಅದು ಜಗತ್ತಿಗೆಲ್ಲ ಹಬ್ಬಿತು. ಪ್ರಾಧ್ಯಾಪಕರು ಪಾಠ ಮಾಡುವುದಿಲ್ಲ. ಯಾವುದೋ ಕಂಪನಿಯ ಕಥೆ ಕೊಡುತ್ತಾರೆ. ಕಥೆಯ ಮೊದಲ ಪುಟದಲ್ಲಿ ಒಬ್ಬ ಮ್ಯಾನೇಜರು ಕಿಟಕಿಯಿಂದ ಹೊರಗೆ ನೋಡುತ್ತ ಚಿಂತಿಸುತ್ತಿರುತ್ತಾನೆ. (ಆ ಮ್ಯಾನೇಜರುಗಳು ಕಿಟಕಿ ಬಿಟ್ಟು ಕುರ್ಚಿಯಲ್ಲಿ ಕುಳಿತಿದ್ದರೆ ಅರ್ಧ ಸಮಸ್ಯೆಗಳು ಹುಟ್ಟುತ್ತಲೇ ಇರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.) ಈಗ ನೀನು ಅವನ ಜಾಗದಲ್ಲಿದ್ದರೆ ಏನು ಮಾಡುತ್ತೀಯ ಎಂದು ಕೇಳುತ್ತಾರೆ. ಬಾಯಿ ಬಿಟ್ಟವರಿಗೆ ಅಂಕ. ಮೂಲೆಯಲ್ಲಿ ಒಬ್ಬರು ಆಸನಗಳ ನಕ್ಷೆ ಹಿಡಿದು ಯಾರು ಮಾತನಾಡಿದರು ಎಂದು ಗುರುತು ಹಾಕುತ್ತಿರುತ್ತಾರೆ. ಏನು ಮಾತನಾಡಿದರು ಎಂಬುದು ಆ ನಕ್ಷೆಯ ಪುಟ್ಟ ಚೌಕದಲ್ಲಿ ಹಿಡಿಸುವುದಿಲ್ಲ.

ಈ ಸತ್ಯವನ್ನು ಮೊದಲ ವಾರದಲ್ಲೇ ಕಂಡುಕೊಂಡವನು ಅವನು. ಕೇಸ್ ಓದಿ ಬರುತ್ತಿರಲಿಲ್ಲ, ಅದರ ಅಗತ್ಯವೂ ಅವನಿಗಿರಲಿಲ್ಲ. ಯಾರಾದರೂ ರಾತ್ರಿಯಿಡೀ ಕಣ್ಣು ಬಿಟ್ಟು ಲೆಕ್ಕ ಹಾಕಿ "ಈ ಕಾರ್ಖಾನೆ ಮುಚ್ಚುವುದು ಲೇಸು" ಎಂದರೆ, ಆ ಮಾತು ಮುಗಿಯುವ ಮೊದಲೇ ಇವನ ಕೈ ಮೇಲೇರುತ್ತಿತ್ತು. "ಅವರ ಮಾತಿಗೆ ಒಂದು ಮಾತು ಸೇರಿಸುವುದಾದರೆ..." ಎಂದು ಶುರುಮಾಡಿ, ಕಾರ್ಖಾನೆಯನ್ನು ಮುಚ್ಚುವುದು ಲೇಸು ಎಂದೇ ಇನ್ನಷ್ಟು ನಿಧಾನವಾಗಿ ಹೇಳುತ್ತಿದ್ದ. ನಕ್ಷೆಯಲ್ಲಿ ಗುರುತು ಬೀಳುತ್ತಿತ್ತು. ಇನ್ನೊಬ್ಬಳು ಎದ್ದು "ಮುಚ್ಚಲೇಬಾರದು" ಎಂದು ವಾದಿಸಿದರೆ ಅದಕ್ಕೂ ಸೇರಿಸುತ್ತಿದ್ದ. ಕಾರ್ಖಾನೆ ಮುಚ್ಚಿತೋ ತೆರೆಯಿತೋ, ಅವನ ಅಂಕಕ್ಕೆ ಏನೂ ಆಗುತ್ತಿರಲಿಲ್ಲ.

ಒಮ್ಮೆ ಮಾತ್ರ ಪ್ರಾಧ್ಯಾಪಕರು ಒಳಗೆ ಕಾಲಿಟ್ಟವರೇ ನೇರವಾಗಿ ಅವನತ್ತ ಬೆರಳು ತೋರಿಸಿ, "ನೀವೇ ಮೊದಲು ಹೇಳಿ" ಎಂದರು. ತರಗತಿಗೆ ತರಗತಿಯೇ ಉಸಿರು ಬಿಗಿಹಿಡಿಯಿತು. ಅವನಿಗಿಂತ ಮೊದಲು ಯಾರೂ ಮಾತನಾಡಿಲ್ಲ. ಸೇರಿಸಲು ಮಾತೇ ಇಲ್ಲ. ಅವನು ಎದ್ದ. ಪೆನ್ನಿನ ಮುಚ್ಚಳ ತೆಗೆದ, ಹಾಕಿದ. ಕತ್ತಿನ ಟೈ ಸಡಿಲಿಸಿದ. ಆಮೇಲೆ ಎಲ್ಲರ ಮುಖ ಒಮ್ಮೆ ನೋಡಿ, ಪರಮ ಶಾಂತಿಯಿಂದ ಹೇಳಿದ: "ಕಳೆದ ತರಗತಿಯಲ್ಲಿ ನಾನು ಹೇಳಿದ್ದಕ್ಕೆ ಒಂದು ಮಾತು ಸೇರಿಸುವುದಾದರೆ..."

ಗುರುತು ಬಿತ್ತು.

ನಿನ್ನೆ ಅವನು ನನಗೆ ಸೇರಿಸಿದ. "ಎರಡು ವರ್ಷಗಳಲ್ಲಿ ಕಲಿತದ್ದೇನು?" ಎಂದು ಹುಡುಗನೊಬ್ಬ ಕೇಳಿದ. ಕುಳಿತಲ್ಲೇ ಕಣ್ಣು ತೆರೆದುಕೊಂಡು ನಿದ್ದೆ ಮಾಡುವುದನ್ನು ಕಲಿತೆ ಎಂದೆ, ಅದು ಸತ್ಯ. ಅವನು ಕೂಡಲೇ, "ಅವರ ಮಾತಿಗೆ ಒಂದು ಮಾತು ಸೇರಿಸುವುದಾದರೆ, ಸಮಯ ನಿರ್ವಹಣೆ" ಎಂದ. ಪರದೆಯ ತುಂಬ ಹೃದಯಗಳು ತೇಲಿದವು.

ಗುಂಪು ಕೆಲಸದ ಬಗ್ಗೆ ಒಬ್ಬಳು ಕೇಳಿದಳು. ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್ಮನ್ 1965ರಲ್ಲಿ ಬರೆದ ಪ್ರಕಾರ ಗುಂಪೊಂದು ಮೊದಲು ಕೂಡುತ್ತದೆ, ಆಮೇಲೆ ಕಿತ್ತಾಡುತ್ತದೆ, ಅನಂತರ ಹೊಂದಿಕೊಳ್ಳುತ್ತದೆ, ಕೊನೆಗೆ ದುಡಿಯುತ್ತದೆ. ನಮ್ಮದು ಎರಡನೆಯ ಹಂತದಲ್ಲೇ ಪದವಿ ಪಡೆಯಿತು ಎಂದೆ. ವ್ಯಾಪಾರತಂತ್ರದ ಪಂಡಿತ ಮೈಕೆಲ್ ಪೋರ್ಟರ್ ಅವರ 1979ರ ಲೇಖನದಲ್ಲಿ ಬರುವ, ಸ್ಪರ್ಧೆಯನ್ನು ರೂಪಿಸುವ ಐದು ಬಲಗಳನ್ನು ಬಾಯಿಪಾಠ ಮಾಡಿದ ಐದು ಜನ, ಸ್ಲೈಡಿನ ಮೇಲಿನ ಬಾಣ ನೀಲಿಯೋ ಹಸಿರೋ ಎಂದು ನಡುರಾತ್ರಿ ದಾಟುವವರೆಗೆ ಹೋರಾಡಿದ್ದನ್ನು ವಿವರಿಸಿದೆ. ಇವನು ಕಣ್ಣು ಮುಚ್ಚಿ ತಲೆದೂಗಿ, "ವೈವಿಧ್ಯದ ನಡುವೆ ನಾಯಕತ್ವ" ಎಂದು ಸೇರಿಸಿದ. ಮತ್ತೆ ಹೃದಯಗಳು.

ಪ್ಲೇಸ್‌ಮೆಂಟ್ ಪ್ರಶ್ನೆಯೂ ಬಂತು. ನಮ್ಮ ಹಾಸ್ಟೆಲಿನ ಆ ಅಂತಸ್ತಿನಲ್ಲಿ ಟೈ ಕಟ್ಟಲು ಬರುತ್ತಿದ್ದುದು ಒಬ್ಬನಿಗೆ ಮಾತ್ರ. ಆ ಗೆಳೆಯ ಒಮ್ಮೆ ಗಂಟು ಹಾಕಿಕೊಟ್ಟರೆ ಉಳಿದವರು ಅದನ್ನು ಬಿಚ್ಚದೆ, ಕುಣಿಕೆ ಸಡಿಲಿಸಿ ತಲೆಯ ಮೇಲಿಂದ ತೆಗೆದು ಮೊಳೆಗೆ ನೇತುಹಾಕುತ್ತಿದ್ದೆವು. ಸಂದರ್ಶನದ ದಿನ ಬೆಳಗ್ಗೆ ಕೊರಳು ತೂರಿಸುವುದಷ್ಟೇ ಕೆಲಸ. ಗಂಟು ಬಿಚ್ಚಿಹೋದರೆ ಅಂದಿನ ಕೆಲಸ ಕೈತಪ್ಪಿದಂತೆಯೇ. ಇದನ್ನು ಹೇಳಿದಾಗ ಹುಡುಗರು ನಿಜವಾಗಿ ನಕ್ಕರು. ಅವನು ಬಿಡಬೇಕಲ್ಲ! "ಅಂದರೆ, ಪರಸ್ಪರ ಸಹಕಾರದ ಸಂಸ್ಕೃತಿ. ಒಟ್ಟಿನಲ್ಲಿ ಆ ಎರಡು ವರ್ಷಗಳು ನನ್ನನ್ನು ನನಗೇ ಪರಿಚಯಿಸಿದ ಪಯಣ." ಆ ಪಯಣವೇ ಇಂದು ನನ್ನ ಎದೆಯ ಕೆಳಗೆ ಅಚ್ಚಾಗಿದೆ. ಅವನ ಭಿತ್ತಿಚಿತ್ರದ ಕೆಳಗೆ ಬೇರೊಂದು ವಾಕ್ಯವಿದೆ; ಅದೂ ಅವನದೇ.

"ಈ ದುಡ್ಡಿಗೆ ಇದು ತಕ್ಕದ್ದೇ?" ಎಂಬ ಪ್ರಶ್ನೆಯನ್ನು ನಿರೂಪಕರು ಸಮಯವಿಲ್ಲವೆಂದು ದಾಟಿಸಿಬಿಟ್ಟರು. ಕೇಳಿದವನಿಗೆ ನಾನು ಹೇಳಬೇಕೆಂದಿದ್ದದ್ದು ಇದು. ಪೂರ್ಣಾವಧಿ ಎಂಬಿಎಯ ನಿಜವಾದ ಬೆಲೆ ಎಂದರೆ ಶುಲ್ಕದ ಜೊತೆಗೆ ಎರಡು ವರ್ಷ ಕೈಬಿಟ್ಟ ಸಂಬಳ. ಇದಕ್ಕೆ ಅವಕಾಶ ವೆಚ್ಚ ಎನ್ನುತ್ತಾರೆ. ಅರ್ಥಶಾಸ್ತ್ರದ ಮೊದಲ ತರಗತಿಯಲ್ಲೇ ಕಲಿಸುತ್ತಾರೆ, ಶುಲ್ಕ ಕಟ್ಟಿಸಿಕೊಂಡ ಮೇಲೆ. ಮುಂದಿನ ತರಗತಿಯಲ್ಲಿ, ಕೊಟ್ಟು ಕಳೆದ ದುಡ್ಡನ್ನು ಲೆಕ್ಕಕ್ಕೆ ಹಿಡಿಯದೆ ಮುಂದಿನ ಹೆಜ್ಜೆ ಇಡಬೇಕು ಎಂದು ಕಲಿಸುತ್ತಾರೆ. ಆಗಲೂ ಯಾರೂ ಎದ್ದು ಹೋಗುವುದಿಲ್ಲ. ಉತ್ತರವನ್ನು ಟಿಪ್ಪಣಿ ಪುಸ್ತಕದಲ್ಲಿ ನೀಟಾಗಿ ಬರೆದುಕೊಳ್ಳುತ್ತೇವೆ.

ಸಂಖ್ಯಾಶಾಸ್ತ್ರದ ಪಾಠವೊಂದು ನಿನ್ನೆಯಿಂದ ತಲೆಯಲ್ಲಿ ಸುತ್ತುತ್ತಿದೆ. ಎರಡನೆಯ ಮಹಾಯುದ್ಧದಲ್ಲಿ ಮರಳಿ ಬಂದ ವಿಮಾನಗಳ ಮೇಲಿನ ಗುಂಡಿನ ತೂತುಗಳನ್ನಷ್ಟೇ ಎಣಿಸಿದರೆ ಸಾಲದು, ಮರಳದ ವಿಮಾನಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ಗಣಿತಜ್ಞ ಅಬ್ರಹಾಂ ವಾಲ್ಡ್ ತೋರಿಸಿಕೊಟ್ಟರು. ನಮ್ಮ ಸಂಸ್ಥೆ ಇದನ್ನು ಪರೀಕ್ಷೆಯಲ್ಲಿ ಕೇಳಿತ್ತು. ಅದೇ ಸಂಸ್ಥೆ ಸಂವಾದಕ್ಕೆ ಮಾತ್ರ ದೊಡ್ಡ ಹುದ್ದೆಯವರನ್ನೇ ಆರಿಸಿ ಕರೆಯುತ್ತದೆ.

ನಮ್ಮ ಗುಂಪಿನಲ್ಲಿ ಒಬ್ಬ ಗೆಳತಿ ಇದ್ದಳು. ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ, ಹಾಗಾಗಿ ನಕ್ಷೆಯಲ್ಲಿ ಅವಳ ಚೌಕ ಸದಾ ಖಾಲಿ. ಲೆಕ್ಕಶಾಸ್ತ್ರ ಪರೀಕ್ಷೆಯ ಹಿಂದಿನ ರಾತ್ರಿ ನಾನು ಬ್ಯಾಲೆನ್ಸ್ ಶೀಟ್ ಮುಂದೆ ತಲೆ ಮೇಲೆ ಕೈಹೊತ್ತು ಕುಳಿತಾಗ, ಅವಳು ಬಿಳಿ ಹಲಗೆಯ ನಡುವೆ ಒಂದು ಗೆರೆ ಎಳೆದಳು. "ಬಲಗಡೆ ದುಡ್ಡು ಎಲ್ಲಿಂದ ಬಂತು, ಎಡಗಡೆ ಆ ದುಡ್ಡು ಈಗ ಎಲ್ಲಿದೆ. ಇದಿಷ್ಟೇ ಕಣೋ, ಉಳಿದದ್ದೆಲ್ಲ ಭಯ" ಎಂದಳು. 1494ರಲ್ಲಿ ಇಟಲಿಯ ಗಣಿತಜ್ಞ ಲೂಕಾ ಪಾಚೋಲಿ ಅಚ್ಚು ಹಾಕಿಸಿದ ಈ ಲೆಕ್ಕ ಬರೆಯುವ ವಿದ್ಯೆ ನನ್ನ ತಲೆಗೆ ಇಳಿದದ್ದು ಅಂದು ರಾತ್ರಿ. ತನ್ನ ಓದು ಬಾಕಿ ಇದ್ದರೂ, ನಾನು ಒಂದು ಲೆಕ್ಕವನ್ನು ನಾನಾಗಿಯೇ ಸರಿದೂಗಿಸುವವರೆಗೆ ಅವಳು ಏಳಲಿಲ್ಲ. ಪದವಿ ಮುಗಿದ ಕೆಲವು ವರ್ಷಗಳಲ್ಲಿ ಕಾಯಿಲೆ ಬಿದ್ದ ತಂದೆಯ ಆರೈಕೆಗೆಂದು ಕೆಲಸ ಬಿಟ್ಟಳು. ಅವಳನ್ನು ಯಾವ ಸಂವಾದಕ್ಕೂ ಯಾರೂ ಕರೆದಿಲ್ಲ. ಎರಡು ವರ್ಷಗಳಲ್ಲಿ ನನಗೆ ದಕ್ಕಿದ್ದರಲ್ಲಿ ಹೆಚ್ಚಿನ ಪಾಲು ಅವಳದು. ಇದನ್ನು ನಿನ್ನೆ ಹೇಳಿದ್ದರೆ ಅವನು "ಸಂಪರ್ಕ ಜಾಲ" ಎಂದು ಸೇರಿಸುತ್ತಿದ್ದ. ಅದಕ್ಕೇ ಹೇಳಲಿಲ್ಲ.

ಮಧ್ಯಾಹ್ನ ಸಂಸ್ಥೆಗೆ ಫೋನ್ ಮಾಡಿ ಭಿತ್ತಿಚಿತ್ರ ತೆಗೆಯಿರಿ ಎಂದೆ. "ಸರ್, ಅದಕ್ಕೆ ತುಂಬಾ ಒಳ್ಳೆಯ ಪ್ರತಿಕ್ರಿಯೆ ಬರುತ್ತಿದೆ" ಎಂದರು ಸಂಯೋಜಕಿ. ಅದು ಹೋಗುವ ಲಕ್ಷಣ ಕಾಣಲಿಲ್ಲ. ಮುಂದಿನ ತಿಂಗಳು ಇನ್ನೊಂದು ಸಂವಾದವಿದೆ, ಯಾರನ್ನಾದರೂ ಸೂಚಿಸಿ ಎಂದು ಅವರೇ ಕೇಳಿದರು. ಗೆಳತಿಯ ಹೆಸರು ಹೇಳಿದೆ.

"ಹುದ್ದೆ ಏನು ಸರ್?"

"ಸದ್ಯಕ್ಕೆ ಇಲ್ಲ ಮೇಡಂ."

"ಆ ಜಾಗ ಖಾಲಿ ಬಿಟ್ಟರೆ ಫಾರ್ಮ್ ಮುಂದಕ್ಕೆ ಹೋಗುವುದಿಲ್ಲ ಸರ್."

"ಹಾಗಾದರೆ ಹಿರಿಯ ಸಲಹೆಗಾರ್ತಿ, ಬ್ಯಾಲೆನ್ಸ್ ಶೀಟ್ ವಿಭಾಗ ಎಂದು ಹಾಕಿ."

ಅವರು ಕೀಲಿ ಒತ್ತಿದ ಸದ್ದು ಕೇಳಿಸಿತು. ಫಾರ್ಮ್ ಮುಂದಕ್ಕೆ ಹೋಯಿತಂತೆ. ಇನ್ನು ಅವಳಿಗೆ ಫೋನ್ ಮಾಡಿ ವಿಷಯ ತಿಳಿಸಬೇಕು. ಕೇಳದೆ ಹೆಸರು ಕೊಟ್ಟಿದ್ದಕ್ಕೆ ಚೆನ್ನಾಗಿ ಬೈಯುತ್ತಾಳೆ. ಅದಕ್ಕೆ ಸೇರಿಸಲು ಅಲ್ಲಿ ಯಾರೂ ಇರುವುದಿಲ್ಲ.