ಪಂಪಿನ ಮುಂದೆ ನಿಂತವರು

ಹಳೇ ಮಾರುತಿ 800 ಕಾರಿನಲ್ಲಿ ಎಂಜಿನ್ ತಣ್ಣಗಿಡುವ ನೀರನ್ನು ಸುತ್ತಿಸುವ ವಾಟರ್ ಪಂಪ್ ಒಂದು ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಸಾಮಾನು. ಬೆಲೆಯೂ ಜಾಸ್ತಿಯಲ್ಲ. ಬದಲಾಯಿಸುವುದಂತೂ ಇನ್ನೂ ಸುಲಭ. ಬೋಲ್ಟು ಬಿಚ್ಚಿ ಹಳೆಯದನ್ನು ತೆಗೆದು, ಹೊಸದನ್ನು ಕೂರಿಸಿ ಬಿಗಿದರೆ ಮುಗಿಯಿತು. ಕಷ್ಟ ಇರುವುದು ಆ ಬೋಲ್ಟುಗಳ ಹತ್ತಿರ ಹೋಗುವುದರಲ್ಲಿ.

ಮದುವೆ ಮನೆಯಲ್ಲಿ ಹಿಂದಿನ ಕೋಣೆಯಲ್ಲಿ ಕೂತ ಅಜ್ಜನನ್ನು ಮಾತಾಡಿಸಬೇಕೆಂದರೆ ಬಾಗಿಲಿನಿಂದ ಹಿಡಿದು ಎಲ್ಲ ನೆಂಟರನ್ನೂ ವಿಚಾರಿಸಿಕೊಂಡೇ ಹೋಗಬೇಕು ಅಲ್ವಾ? ಇಲ್ಲೂ ಹಾಗೇ. ಮೊದಲು ಬ್ಯಾಟರಿ ವೈರು. ಆಮೇಲೆ ರೇಡಿಯೇಟರಿನ ನೀರು. ಆಲ್ಟರ್ನೇಟರ್ ಸಡಿಲಿಸಿ ಅದರ ಬೆಲ್ಟು, ಪಂಪಿನ ಪುಲ್ಲಿ, ಕ್ರ್ಯಾಂಕಿನ ಪುಲ್ಲಿ, ಟೈಮಿಂಗ್ ಬೆಲ್ಟಿನ ಕವರು, ಕೊನೆಗೆ ಎಂಜಿನ್ನಿನ ಮೇಲಿನ ಚಕ್ರ, ಕೆಳಗಿನ ಚಕ್ರಗಳನ್ನು ಒಂದೇ ತಾಳದಲ್ಲಿ ತಿರುಗಿಸುವ ಟೈಮಿಂಗ್ ಬೆಲ್ಟೇ. ಇವುಗಳಲ್ಲಿ ಒಂದೂ ಕೆಟ್ಟಿರುವುದಿಲ್ಲ. ತಮ್ಮ ಪಾಡಿಗೆ ಕೆಲಸ ಮಾಡಿಕೊಂಡಿದ್ದವು. ಅಡ್ಡ ನಿಂತಿದ್ದೇ ಅವುಗಳ ತಪ್ಪು. ಅಷ್ಟು ದೂರ ಹೋದ ಮೇಲೆ ಟೈಮಿಂಗ್ ಬೆಲ್ಟನ್ನೂ ಹೊಸದು ಹಾಕಿಬಿಡುವುದು ಜಾಣತನ. ಮತ್ತೆ ಅದೇ ದಾರಿಯಲ್ಲಿ ಅಷ್ಟೂ ಜನರನ್ನು ಎಬ್ಬಿಸುವ ತಾಳ್ಮೆ ಯಾರಿಗಿದೆ?

ಈ ಕಾರು 1983ರ ಡಿಸೆಂಬರಿನಲ್ಲಿ ರಸ್ತೆಗೆ ಬಂತು. 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. ಬೆಂಗಳೂರಿನಲ್ಲಿ 2010ರಲ್ಲೇ ಮಾರಾಟ ನಿಂತಿತ್ತು. ಮೂರು ಸಿಲಿಂಡರು, 796 ಸಿಸಿ, ಅಷ್ಟೇ. ಆದರೂ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ "ಎಂಟುನೂರಕ್ಕೆ ವಾಟರ್ ಪಂಪ್" ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. "ಕಾರ್ಬುರೇಟರಾ, ಎಂಪಿಎಫ್‌ಐಯಾ? ಒರಿಜಿನಲ್ಲಾ, ಲೋಕಲ್ಲಾ?" ಅಂತ ಕೇಳಿ ಡಬ್ಬ ಮುಂದಿಡುತ್ತಾರೆ. ಮೊದಲೆರಡು ಎಂಜಿನ್ನಿಗೆ ಪೆಟ್ರೋಲು ಉಣಿಸುವ ಹಳೇ ವಿಧಾನ, ಹೊಸ ವಿಧಾನ. ಇಲ್ಲಿ ಲೋಕಲ್ ಕಡೆ ಕೈ ಚಾಚಬಾರದು. ಪಂಪಿನ ಆಯಸ್ಸೆಲ್ಲ ಅದರ ಬೇರಿಂಗು, ಸೀಲುಗಳಲ್ಲಿದೆ. ಅವು ಹೊರಗಿನಿಂದ ಕಾಣುವುದಿಲ್ಲ.

ಪಂಪಿನ ಕೆಲಸ ಮಾತ್ರ ದೊಡ್ಡದು. ಪೆಟ್ರೋಲು ಉರಿದು ಹುಟ್ಟುವ ಶಾಖದಲ್ಲಿ ಚಕ್ರ ತಿರುಗಿಸಲು ಸಿಗುವುದು ಹೆಚ್ಚೆಂದರೆ ಮೂರರಲ್ಲೊಂದು ಪಾಲು. ಸುಮಾರು ಅಷ್ಟೇ ಪಾಲು ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಉಳಿದದ್ದರಲ್ಲಿ ಹೆಚ್ಚಿನದನ್ನು ನೀರು ಹೊತ್ತು ತಂದು ರೇಡಿಯೇಟರಿನಲ್ಲಿ ಗಾಳಿಗೆ ಬಿಡಬೇಕು. ಪಂಪ್ ಇಲ್ಲದೆಯೂ ಇದು ನಡೆದ ಕಾಲವಿತ್ತು. ಫೋರ್ಡ್ ಮಾಡೆಲ್ ಟಿ ಕಾರುಗಳಲ್ಲಿ ಶುರುವಿನ ಕೆಲವು ಸಾವಿರ ಬಿಟ್ಟರೆ ಉಳಿದವಕ್ಕೆ ವಾಟರ್ ಪಂಪೇ ಇರಲಿಲ್ಲ. ಬಿಸಿ ನೀರು ತಾನಾಗಿ ಮೇಲೇರುತ್ತದೆ, ತಣ್ಣಗಾದದ್ದು ಕೆಳಗಿಳಿಯುತ್ತದೆ, ಅದೇ ಸಾಕು ಅಂತ ನಂಬಿ ಕೋಟಿಗೂ ಮೀರಿ ಕಾರು ಮಾಡಿದರು. ಶಿರಾಡಿ ಘಾಟಿಯಲ್ಲಿ ಲಾರಿ ಹಿಂದೆ ಸೆಕೆಂಡ್ ಗೇರಿನಲ್ಲಿ ತೆವಳುವ ನಮ್ಮ ಕಾರಿಗೆ ಆ ನಂಬಿಕೆ ಸಾಲದು.

ಸಮುದ್ರದ ಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು ಬೆಂಗಳೂರಿನಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಒಳಗೆ ಒತ್ತಡ ಹಿಡಿದಿಟ್ಟುಕೊಂಡು ಅದು ಬೇಗ ಕುದಿಯದಂತೆ ನೋಡಿಕೊಳ್ಳುತ್ತದೆ. ಬಿಸಿ ಇರುವಾಗ ಮುಚ್ಚಳ ತೆಗೆದವರ ಮುಖಕ್ಕೆ ನೀರು ಒಮ್ಮೆಲೇ ಹಾರುವುದು ಇದಕ್ಕೇ. ಘಾಟಿಯಲ್ಲಿ ಬಾನೆಟ್ ಎತ್ತಿ, ಕೈಗೆ ಟವೆಲ್ ಸುತ್ತಿಕೊಂಡು ಮುಚ್ಚಳಕ್ಕೆ ಕೈ ಹಾಕುವ ವೀರರನ್ನು ಕಂಡರೆ ನನಗೆ ಭಯ. ಅರ್ಧ ಗಂಟೆ ಸುಮ್ನೆ ನಿಂತು ಕಾಫಿ ಕುಡಿಯಬಾರದಾ?

ಈ ಪಂಪಿನಲ್ಲಿ ನನಗೆ ತುಂಬಾ ಹಿಡಿಸಿದ್ದು ಅದರ ಕೆಳಗಿರುವ ಸಣ್ಣ ತೂತು. ಒಳಗಿನ ಸೀಲು ಸವೆದಾಗ ನೀರು ಬೇರಿಂಗಿಗೆ ನುಗ್ಗದೆ ಆ ತೂತಿನಿಂದ ಹನಿಯಲಿ ಅಂತ ಬೇಕೆಂದೇ ಇಟ್ಟಿದ್ದಾರೆ. ಮುಂಚಿತವಾಗಿ ದೂರು ಹೇಳಲು ಒಂದು ಬಾಯಿ. ಎಷ್ಟೋ ಜನ ಹನಿ ಕಂಡ ತಕ್ಷಣ ಅಲ್ಲಿಗೆ ಎಂ-ಸೀಲ್ ಮೆತ್ತುತ್ತಾರೆ. ಬಾಯಿ ಮುಚ್ಚಿಸಿದರೆ ದೂರು ತೀರಿತು ಅನ್ನುವ ಲೆಕ್ಕ. ನಮ್ಮ ಕಾರಿನ ಪಂಪೂ ಇಪ್ಪತ್ತು ವರ್ಷದ ಹತ್ತಿರ ದುಡಿದು, ಗೇಟಿನ ಮುಂದೆ ರೇಡಿಯೇಟರಿನ ನೀರಿಗೆ ಬೆರೆಸುವ ಕೂಲಂಟಿನ ಹಸಿರು ಹನಿ ಚೆಲ್ಲುತ್ತಾ ಅರ್ಜಿ ಕೊಟ್ಟಿತು. ಮಧ್ಯೆ ಎಷ್ಟು ಸಲ ಬೋರ್‌ವೆಲ್ ನೀರು ಕುಡಿದಿತ್ತೋ. ಗಡಸು ನೀರು ಒಳಗೆಲ್ಲ ಬಿಳಿ ಪದರ ಕಟ್ಟಿತ್ತು.

ರಸ್ತೆ ಬದಿಯಲ್ಲಿ ಬಾನೆಟ್ ಎತ್ತುವುದೆಂದರೆ ಸಭೆ ಕರೆದ ಹಾಗೇ. ಟೈಮಿಂಗ್ ಬೆಲ್ಟು ಚಾಪೆಯ ಮೇಲೆ ಬಿದ್ದಿದೆ, ಪುಲ್ಲಿಗಳು ಸಾಲಾಗಿ ಕೂತಿವೆ, ಆಗ ಸ್ಕೂಟರ್ ನಿಲ್ಲಿಸಿದವರೊಬ್ಬರ ಪ್ರಶ್ನೆ:

"ಏನ್ ಸಾರ್, ಸ್ಟಾರ್ಟ್ ಆಗ್ತಿಲ್ವಾ? ತಳ್ಳೋಣ್ವಾ?"

ಎದುರು ಮನೆಯ ಯಜಮಾನರು ಬಸ್ ಓಡಿಸಿ ರಿಟೈರ್ ಆದವರು. "ನೋಡಪ್ಪಾ, ಥರ್ಮೋಸ್ಟಾಟ್ ಕಿತ್ತು ಬಿಸಾಕು. ಹೀಟೇ ಆಗಲ್ಲ" ಅಂದರು. ಎಷ್ಟೋ ಗ್ಯಾರೇಜುಗಳಲ್ಲೂ ಇದೇ ಮದ್ದು. ಥರ್ಮೋಸ್ಟಾಟ್ ಇರುವುದು ಎಂಜಿನ್ ಬೇಗ ಬಿಸಿಯೇರಲಿ ಅಂತ. 80 ಡಿಗ್ರಿ ದಾಟುವವರೆಗೆ ಅದು ರೇಡಿಯೇಟರಿನ ದಾರಿ ಬಿಡುವುದಿಲ್ಲ. ಕಿತ್ತರೆ ಎಂಜಿನ್ ಬಿಸಿಯೇರಲು ತಡವಾಗಿ ಪೆಟ್ರೋಲು ಜಾಸ್ತಿ ಕುಡಿಯುತ್ತದೆ. ಅವರ ಮುಂದೆ ಇಷ್ಟೆಲ್ಲ ಹೇಳಲಾಗುತ್ತದೆಯೇ? "ಆಗ್ಲಿ, ನೋಡ್ತೀನಿ" ಅಂದೆ. ಅವರ ಮೊಮ್ಮಗಳು ಮಾತ್ರ ಸರಿಯಾದ ಪ್ರಶ್ನೆ ಕೇಳಿದಳು. "ಅಂಕಲ್, ಇದನ್ನೆಲ್ಲಾ ವಾಪಸ್ ಜೋಡಿಸೋಕೆ ಬರುತ್ತಾ ನಿಮಗೆ?"

ನಿಜ ಹೇಳಬೇಕೆಂದರೆ ಜೋಡಿಸುವುದಕ್ಕಿಂತ ಉಜ್ಜುವುದೇ ದೊಡ್ಡ ಕೆಲಸ. ಪಂಪಿಗೂ ಎಂಜಿನ್ನಿಗೂ ನಡುವೆ ನೀರು ಸೋರದಂತೆ ಇಟ್ಟ ಹಳೇ ಗ್ಯಾಸ್ಕೆಟ್ ಎಂಜಿನ್ನಿಗೆ ಅಂಟಿ ಕೂತಿರುತ್ತದೆ. ಲೋಹಕ್ಕೆ ಗೀರು ಬೀಳದಂತೆ ಅದನ್ನು ಚೂರುಚೂರೇ ಎಬ್ಬಿಸಬೇಕು. ಗೀರಾದರೆ ನೀರು ಅಲ್ಲೇ ದಾರಿ ಮಾಡಿಕೊಳ್ಳುತ್ತದೆ. ನೋಡುವವರಿಗೆ ಇಲ್ಲಿ ಏನೂ ಸ್ವಾರಸ್ಯವಿಲ್ಲ. ಸಭೆ ತಾನಾಗಿ ಚದುರಿತು. ಹುಡುಗಿ ಉಳಿದಳು. ಟೈಮಿಂಗ್ ಬೆಲ್ಟು ಹಾಕುವಾಗ ಮೇಲಿನ ಚಕ್ರದ ಗುರುತು, ಕೆಳಗಿನ ಚಕ್ರದ ಗುರುತು ಎರಡೂ ತಮ್ಮ ತಮ್ಮ ಗೆರೆಗೆ ಬಂದು ನಿಲ್ಲಬೇಕು. ಅವಳು ಟಾರ್ಚು ಹಿಡಿದು "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ, ಸಾಕು" ಅಂದಳು. ಒಂದು ಹಲ್ಲು ಆಚೀಚೆ ಆದರೂ ಎಂಜಿನ್ ನೆಟ್ಟಗೆ ಓಡುವುದಿಲ್ಲ. ನೆಟ್ಟಗೇ ಓಡಿತು.

ಕೂಲಂಟ್ ತುಂಬಿದ ಮೇಲೂ ಆತುರ ಬೇಡ. ಒಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ಎಂಜಿನ್ ತಣ್ಣಗಿರುವಾಗಲೇ ರೇಡಿಯೇಟರಿನ ಮುಚ್ಚಳ ತೆಗೆದಿಟ್ಟು ಸ್ಟಾರ್ಟ್ ಮಾಡಿ, ಗುಳ್ಳೆ ಬರುವುದು ನಿಂತು ಮೇಲಿನ ಹೋಸು ಬಿಸಿಯಾಗುವವರೆಗೆ ಕಾಯಬೇಕು. ಇಳಿದಷ್ಟು ತುಂಬುತ್ತಿರಬೇಕು.

ಬಕೆಟ್ಟಿನಲ್ಲಿದ್ದ ಹಳೇ ಕೂಲಂಟನ್ನು ಚರಂಡಿಗೆ ಸುರಿಯುವಂತಿಲ್ಲ. ಅದರಲ್ಲಿರುವ ಗ್ಲೈಕಾಲ್ ಸಿಹಿ. ಬೀದಿ ನಾಯಿ ನೆಕ್ಕಿದರೆ ಕಿಡ್ನಿ ಕೆಟ್ಟು ಸಾಯುತ್ತದೆ. ಕ್ಯಾನಿಗೆ ತುಂಬಿ ವಿಷ ಅಂತ ಬರೆದಿಟ್ಟೆ. ಗುಜರಿಯವನು ಬಂದಾಗ ಹಳೇ ಪಂಪಿಗೆ ಅಯಸ್ಕಾಂತ ಹಿಡಿದು, ಅಂಟದ್ದನ್ನು ನೋಡಿ "ಅಲ್ಮಿನಿ" ಅಂತ ಖುಷಿಯಿಂದ ತಕ್ಕಡಿಗೆ ಹಾಕಿದ. ಕ್ಯಾನು ತೋರಿಸಿದೆ. "ಅದು ನಿಮ್ಮತ್ರಾನೇ ಇರಲಿ ಸಾರ್" ಅಂದ. ಪರಿಚಯದ ಗ್ಯಾರೇಜಿನವರನ್ನೂ ಕೇಳಿದ್ದೇನೆ. ಹಳೇ ಆಯಿಲ್ ಆದರೆ ತಗೋತೀವಿ, ಇದು ಬೇಡ ಅನ್ನುತ್ತಾರೆ.